ಅಪ್ಪುಗೆ ಬೇಡ, ಜೊತೆಗಾರ ಬೇಕು

ತಾಯಿಯಿಲ್ಲದ ಜಿಂಕೆಮರಿಯೊಂದು ಮನುಷ್ಯರ ಮಡಿಲಲ್ಲಿ ಮಲಗಿರುವ ವಿಡಿಯೊ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ‘ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ನೋಡಿ’ ಅಂತ ಎಲ್ಲರೂ ಸಂಭ್ರಮಿಸುತ್ತಾರೆ. ಹೊಂದಿಕೊಂಡಿರುವುದೇನೋ ನಿಜ, ಆದರೆ ಯಾರಿಗೆ? ನಾಳೆ ಅದು ಬದುಕಬೇಕಾದದ್ದು ಜಿಂಕೆಗಳ ಜೊತೆ ಅಲ್ವಾ?

ಇನ್ನೊಂದು ನಂಬಿಕೆ ಬೇರೆ ಇದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲವಂತೆ. ಆದರೆ ಗೂಡಿನಿಂದ ಬಿದ್ದ ಹಕ್ಕಿಮರಿಯನ್ನು ವಾಪಸ್ ಇಟ್ಟರೆ ಸಾಮಾನ್ಯವಾಗಿ ತಾಯಿತಂದೆ ಸಾಕುತ್ತವೆ, ನಮ್ಮ ಕೈವಾಸನೆಗೆ ಬೆದರಿ ಬಿಟ್ಟುಹೋಗುವುದಿಲ್ಲ. ಹುಲ್ಲಲ್ಲಿ ಒಂಟಿಯಾಗಿ ಮಲಗಿದ ಜಿಂಕೆಮರಿ ಕೂಡ ಎಷ್ಟೋ ಸಲ ಅನಾಥ ಅಲ್ಲ. ತಾಯಿಯೇ ಅದನ್ನು ಬಚ್ಚಿಟ್ಟು ಮೇಯಲು ಹೋಗಿರುತ್ತದೆ. ಅಂಥದ್ದನ್ನು ಎತ್ತಿಕೊಂಡು ಬಂದು ರಕ್ಷಣೆ ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಸರಿ, ನಿಜವಾಗಿಯೂ ಅನಾಥವಾದ ಮರಿ ಸಿಕ್ಕಿತು ಅಂತಿಟ್ಟುಕೊಳ್ಳೋಣ. ಆಗ ಗಡಿಯಾರ ಓಡಲು ಶುರುವಾಗುತ್ತದೆ. ತನ್ನವರು ಯಾರು ಅಂತ ಮರಿ ಗುರುತು ಹಾಕಿಕೊಳ್ಳುವ ಹೊತ್ತು ಬೇಗ ಮುಗಿದುಹೋಗುವಂಥದ್ದು. ಇದನ್ನು ಮೊದಲು ಚೆನ್ನಾಗಿ ಗಮನಿಸಿದವನು ಬ್ರಿಟನ್ನಿನ ಜೀವವಿಜ್ಞಾನಿ ಡಗ್ಲಸ್ ಸ್ಪಾಲ್ಡಿಂಗ್. ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನ ಅಣ್ಣನಿಗೆ ಮನೆಪಾಠ ಹೇಳುತ್ತಿದ್ದವನು ಇವನೇ. ಕೋಳಿಮರಿಗಳ ಕಣ್ಣಿಗೆ ಟೋಪಿಯಂಥ ಮುಸುಕು ಹಾಕಿ ಬೆಳೆಸಿದ. ನಾಲ್ಕು ದಿನ ತುಂಬುವ ಹೊತ್ತಿಗೆ ಮುಸುಕು ತೆಗೆದಾಗ ಮರಿಗಳು ಅವನನ್ನು ಕಂಡು ಹೆದರಿ ಓಡಿದವು. ಹಿಂದಿನ ದಿನವೇ ತೆಗೆದಿದ್ದರೆ ಅವನ ಕಡೆಗೇ ಓಡಿಬರುತ್ತಿದ್ದವು ಅಂತ 1873ರಲ್ಲಿ ಬರೆದ. ಒಂದೇ ಒಂದು ದಿನದ ವ್ಯತ್ಯಾಸ! ಮುಂದೆ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ಕೊನ್ರಾಡ್ ಲೊರೆಂಜ್‌ನನ್ನೇ ತಾಯಿ ಅಂದುಕೊಂಡು ಬಾತುಮರಿಗಳ ಸಾಲು ಹಿಂದೆ ಹಿಂದೆ ನಡೆದದ್ದು, 1973ರಲ್ಲಿ ಅವನಿಗೆ ನೊಬೆಲ್ ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಹಸಿಗೋಡೆಯಲ್ಲಿ ಹರಳು ನೆಟ್ಟ ಹಾಗೆ ಅನ್ನುತ್ತೇವಲ್ಲ, ಥೇಟ್ ಅದೇ. ‘ನಾನು ಯಾರ ಪೈಕಿ?’ ಅನ್ನುವ ಪ್ರಶ್ನೆಗೆ ಮರಿಯ ಮಿದುಳಿನಲ್ಲಿ ಜಾಗ ಖಾಲಿ ಇರುತ್ತದೆ, ಆ ಹೊತ್ತಿನಲ್ಲಿ ಕಣ್ಣೆದುರು ಓಡಾಡುವವರು ಅಲ್ಲಿ ಕೂತುಬಿಡುತ್ತಾರೆ. ಸಂತೆಗೆ ಹೋದ ಮಗು ಮೊದಲು ಸಿಕ್ಕ ಸೆರಗು ಹಿಡಿದುಕೊಂಡ ಹಾಗೆ. ಆದರೆ ಮಗು ಸೆರಗು ಬಿಟ್ಟು ಅಮ್ಮನನ್ನು ಹುಡುಕೀತು, ಬಾತುಮರಿಗೆ ಅದು ಕಷ್ಟ. ಎಲ್ಲ ಪ್ರಾಣಿಗಳಲ್ಲೂ ಇದು ಇಷ್ಟು ಬಿಗಿಯಲ್ಲ. ಹಾಲುಣ್ಣುವ ಹಲವು ಪ್ರಾಣಿಗಳಲ್ಲಿ ಆ ಕಲಿಕೆ ಜಾಸ್ತಿ ದಿನ ನಡೆಯುತ್ತದೆ, ತಿದ್ದಲು ಸ್ವಲ್ಪ ಅವಕಾಶವೂ ಇರುತ್ತದೆ.

ಹಾಗಾಗಿ ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳ ವಿಷಯದಲ್ಲಿ ಒಂದು ಉಪಾಯ ಮಾಡಿದರು. 1987ರಲ್ಲಿ ಉಳಿದ 27 ಹಕ್ಕಿಗಳೂ ಸೆರೆಯಲ್ಲೇ ಇದ್ದವು. ಮರಿಗಳಿಗೆ ಮನುಷ್ಯರ ಮುಖ ಕಾಣಬಾರದೆಂದು ಕಾಂಡೋರ್ ತಲೆಯ ಕೈಗೊಂಬೆ ತೊಟ್ಟು ಉಣಿಸಿದರು. ಉಪಾಯ ಚೆನ್ನಾಗಿತ್ತು, ಆದರೆ ಸಾಲದಾಯಿತು. 1992ರಿಂದ ಬಿಟ್ಟ ಎಳೆಯ ಹಕ್ಕಿಗಳಲ್ಲಿ ಕೆಲವು ಜನರ ಹತ್ತಿರ, ಕಟ್ಟಡಗಳ ಮೇಲೆ ಬಂದು ಕೂರತೊಡಗಿದವು. ಗೊಂಬೆ ಉಣಿಸುತ್ತದೆ, ಗದರುವುದಿಲ್ಲವಲ್ಲ! ಆಮೇಲೆ ಎಳೆಯವುಗಳ ಜೊತೆ ದೊಡ್ಡ ಹಕ್ಕಿಗಳನ್ನು ಇಟ್ಟು ಬೆಳೆಸಿದರು.

ಹಿರಿಯರ ಗದರಿಕೆ ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಅಭಯಾರಣ್ಯಕ್ಕೆ ಹೋಗಬೇಕು. ಅಲ್ಲಿಗೆ ತಂದುಬಿಟ್ಟ ಅನಾಥ ಆನೆಮರಿಗಳು ಹಿರಿಯರಿಲ್ಲದೆ ಬೆಳೆದವು. ಗಂಡುಗಳಿಗೆ ತೀರಾ ಚಿಕ್ಕ ವಯಸ್ಸಿಗೇ ಮದವೇರಿತು. 1990ರ ದಶಕದಲ್ಲಿ 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. 1998ರಲ್ಲಿ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟರು. ಹುಡುಗರ ಮದ ಇಳಿಯಿತು, ಕೊಲ್ಲುವುದೂ ನಿಂತಿತು. ಸಲಗ ಎದುರಿಗಿದ್ದರೆ ಎಳೆಯ ಆನೆಯ ಮದ ಬೇಗ ಅಡಗುತ್ತದೆ. ಯಾವ ಮಾವುತನ ಮುದ್ದಿನಿಂದಲೂ ಆಗದ ಕೆಲಸ ಇದು.

ಹಾಗಂತ ತಂದ ಮರಿಯನ್ನು ನೇರ ಗುಂಪಿಗೆ ನೂಕಬಾರದು. ಮೊದಲು ರೋಗ ಇದೆಯೇ ನೋಡಲು ಬೇರೆ ಇಡಬೇಕು. ಆಮೇಲೆ ಮರಿಯ ಹಾಸಿನ ಹುಲ್ಲನ್ನು ಜೊತೆಗಾರ ಪ್ರಾಣಿಯ ಹತ್ತಿರ, ಅದರದ್ದನ್ನು ಮರಿಯ ಹತ್ತಿರ ಹಾಕಬೇಕು. ವಾಸನೆ ಕಚ್ಚುವುದಿಲ್ಲ, ಹಾಯುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಮೂಸಬಹುದು. ಹೆದರಿಕೆ ತಾನಾಗಿ ಕರಗುವುದು ಹೀಗೆ, ಏನೂ ಕೆಟ್ಟದ್ದಾಗದೆ ಮತ್ತೆ ಮತ್ತೆ ಎದುರಾದಾಗ. ನಂತರ ನಡುವೆ ಜಾಲರಿ. ಗುರುಗುಟ್ಟಲಿ, ಬೆನ್ನು ತಿರುಗಿಸಲಿ, ತಡೆಯಬೇಡಿ. ಕೆಲವು ದಿನ ಕಳೆದ ಮೇಲೆ ಎರಡೂ ಜಾಲರಿಗೆ ಒರಗಿ ಮಲಗಿದರೆ ಬಾಗಿಲು ತೆಗೆಯುವ ಹೊತ್ತು ಬಂದಿದೆ ಅನ್ನಬಹುದು. ಅದೂ ಇಬ್ಬರಿಗೂ ಹೊಸದಾದ ಜಾಗದಲ್ಲಿ. ಮೇವು ಎರಡು ಕಡೆ ಇರಲಿ, ಓಡಿಹೋಗಲು ದಾರಿಯೂ ಎರಡಿರಲಿ, ಸಿಕ್ಕಿಬೀಳುವ ಮೂಲೆ ಒಂದೂ ಇರಬಾರದು. ಮೊದಲ ಜಗಳ ಆದಾಗ ಮರಿ ನಿಮ್ಮ ಕಡೆ ತಿರುಗಿ ನೋಡುತ್ತದೆ. ಆಗ ನೀವು ಅದರ ಕಣ್ಣಿಗೆ ಬೀಳದ ಜಾಗದಲ್ಲಿರಬೇಕು.