ಒಂದೇ ಗೋಲಿನ ತೀರ್ಪು: ಓವರ್‌ಟೈಮ್ ಸೋಲಿನೊಳಗಿನ ವಿಜ್ಞಾನ

2019ರ ಜನವರಿ 2ರಂದು ವ್ಯಾಂಕೂವರ್‌ನಲ್ಲಿ ನಡೆದ ವಿಶ್ವ ಜೂನಿಯರ್ ಐಸ್ ಹಾಕಿ ಕ್ವಾರ್ಟರ್‌ಫೈನಲ್ ಪಂದ್ಯ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಆತಿಥೇಯ ಕೆನಡಾ ತಂಡ ಫಿನ್ಲೆಂಡ್ ವಿರುದ್ಧ 1–0ರಿಂದ ಮುಂದಿತ್ತು. ಅಷ್ಟರಲ್ಲಿ ಫಿನ್ಲೆಂಡ್ ಗೋಲು ಸಮಗೊಳಿಸಿತು. ಮೊದಲು ಗೋಲು ಹೊಡೆದವರಿಗೇ ಗೆಲುವು ಎಂಬ ನಿಯಮದ ಓವರ್‌ಟೈಮ್‌ನಲ್ಲಿ ಕೆನಡಾಕ್ಕೆ ಒಂದು ಪೆನಾಲ್ಟಿ ಶಾಟ್ (ಗೋಲ್‌ಕೀಪರ್ ಒಬ್ಬನನ್ನೇ ಎದುರಿಸಿ ಹೊಡೆಯುವ ಅವಕಾಶ) ಸಿಕ್ಕಿತು, ಅದನ್ನು ಗೋಲ್‌ಕೀಪರ್ ತಡೆದ. ಬಳಿಕ ಬಹುತೇಕ ಖಾಲಿಯಿದ್ದ ಗೋಲಿನತ್ತ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೊಡೆಯಲು ಹೋದ ಕೆನಡಾದ ಆಟಗಾರನೊಬ್ಬನ ಸ್ಟಿಕ್ ಮುರಿಯಿತು. 5 ನಿಮಿಷ 17 ಸೆಕೆಂಡ್ ಆಗುವಷ್ಟರಲ್ಲಿ ಫಿನ್ಲೆಂಡಿನ ಟೋನಿ ಉಟುನೆನ್ ಗೋಲು ಹೊಡೆದು ಪಂದ್ಯವನ್ನು ಮುಗಿಸಿದ. ತವರಿನಲ್ಲಿ ನಡೆದ ಈ ಪಂದ್ಯಾವಳಿಯಲ್ಲಿ ಕೆನಡಾಕ್ಕೆ ಪದಕ ತಪ್ಪಿದ್ದು ಅದೇ ಮೊದಲು. ಪೆನಾಲ್ಟಿ ಶಾಟ್ ಕೈಚೆಲ್ಲಿದ ನಾಯಕನ ಮೇಲೆ, ಇನ್ನೂ ಇಪ್ಪತ್ತು ದಾಟದ ಹುಡುಗನೆಂಬುದನ್ನೂ ಲೆಕ್ಕಿಸದೆ, ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳಗಳ ಸುರಿಮಳೆಯಾಯಿತು.

ಆ ಬೈಗುಳಕ್ಕೆ ಅಂಕಿಸಂಖ್ಯೆಗಳ ಆಧಾರವೇ ಇಲ್ಲ. ಅತ್ಯುನ್ನತ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಕೂಡ ಪೆನಾಲ್ಟಿ ಶಾಟ್‌ಗಳು ಗೋಲಾಗುವುದು ಸುಮಾರು ಮೂರರಲ್ಲಿ ಒಂದು ಸಲ ಮಾತ್ರ. ತಪ್ಪುವುದೇ ಸಾಮಾನ್ಯ ಫಲಿತಾಂಶ. ಹಾಗೆಂದು ಗೋಲ್‌ಕೀಪರ್‌ನ ಕೆಲಸ ಸುಲಭವೇನಲ್ಲ. ಅವನು ಕಾಯುವ ಚೌಕಟ್ಟು 1.83 ಮೀಟರ್ ಅಗಲ, 1.22 ಮೀಟರ್ ಎತ್ತರ ಇರುತ್ತದೆ. ಸೆಕೆಂಡಿಗೆ 35 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 126 ಕಿಲೋಮೀಟರ್ ವೇಗದಲ್ಲಿ, ಆರು ಮೀಟರ್ ದೂರದಿಂದ ಹೊಡೆದ ಪಕ್ ಅವನನ್ನು ತಲುಪಲು 0.17 ಸೆಕೆಂಡ್ ಸಾಕು. ಕಣ್ಣಿಗೆ ಬಿದ್ದ ಸರಳ ಸಂಕೇತಕ್ಕೆ ಮನುಷ್ಯನ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಪಕ್ ಸ್ಟಿಕ್ಕನ್ನು ಬಿಟ್ಟ ಮೇಲೆ ನೋಡಿ ತಡೆಯುವುದು ಶರೀರಕ್ಕೆ ಸಾಧ್ಯವಿಲ್ಲದ ಮಾತಾದ್ದರಿಂದ, ಎದುರಾಳಿಯ ಭುಜದ ತಿರುವು, ಸ್ಟಿಕ್ಕಿನ ಅಲಗಿನ ಕೋನ ಮತ್ತು ಮೈಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಗಮನಿಸಿ, ಹೊಡೆತಕ್ಕೂ ಮೊದಲೇ ಅವನು ಸರಿಯಾದ ಜಾಗದಲ್ಲಿ ನಿಂತಿರಬೇಕಾಗುತ್ತದೆ.

ಮುರಿದ ಸ್ಟಿಕ್ಕಿನ ಕಥೆ ಇನ್ನೂ ಸ್ವಾರಸ್ಯಕರ. ಇಂದಿನ ಆಟಗಾರರು ಹೆಚ್ಚಾಗಿ ಬಳಸುವುದು ಎಪಾಕ್ಸಿ ಅಂಟಿನಲ್ಲಿ ಪದರಪದರವಾಗಿ ಕೂಡಿಸಿದ ಇಂಗಾಲದ ನಾರಿನ ಸ್ಟಿಕ್ಕನ್ನು. ಜೋರಾಗಿ ಬೀಸಿ ಹೊಡೆಯುವಾಗ ಅದರ ಅಲಗು ಪಕ್‌ಗಿಂತ ಸ್ವಲ್ಪ ಮೊದಲೇ ಮಂಜುಗಡ್ಡೆಗೆ ತಾಗುತ್ತದೆ. ಆ ಒತ್ತಡಕ್ಕೆ ಕೋಲು ಬಿಲ್ಲಿನಂತೆ ಬಾಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಮರಳಿ ನೇರವಾಗುವಾಗ ಅದನ್ನು ಪಕ್‌ಗೆ ವರ್ಗಾಯಿಸುತ್ತದೆ. ಹೊಡೆತದ ವೇಗ ತೋಳಿನ ಬಲದಿಂದ ಮಾತ್ರ ಬರುವುದಿಲ್ಲ, ಈ ಬಾಗುವಿಕೆಯಿಂದಲೂ ಬರುತ್ತದೆ. ಆದರೆ ಪಂದ್ಯದುದ್ದಕ್ಕೂ ಎದುರಾಳಿಗಳ ಸ್ಟಿಕ್ಕು, ಪಕ್ಕು, ಗೋಲುಗಂಬಗಳ ಪೆಟ್ಟು ಬೀಳುತ್ತಲೇ ಇರುವುದರಿಂದ ಒಳಗಿನ ಪದರಗಳ ನಡುವೆ ಕೂದಲೆಳೆಯಷ್ಟು ಬಿರುಕುಗಳು ಹುಟ್ಟುತ್ತವೆ, ಹೊರಮೈ ಮಾತ್ರ ಹೊಸದರಂತೆಯೇ ಕಾಣುತ್ತಿರುತ್ತದೆ. ಮುಂದೊಂದು ದೊಡ್ಡ ಹೊಡೆತದಲ್ಲಿ ಮಿತಿ ಮೀರಿದಾಗ ಅದು ಯಾವ ಮುನ್ಸೂಚನೆಯನ್ನೂ ಕೊಡದೆ ಒಮ್ಮೆಲೇ ತುಂಡಾಗುತ್ತದೆ. ಆ ರಾತ್ರಿಯ ಸ್ಟಿಕ್ಕಿನೊಳಗೆ ಇದೇ ನಡೆದಿತ್ತೆಂದು ಯಾರೂ ಪರೀಕ್ಷಿಸಿ ಹೇಳಿಲ್ಲವಾದರೂ, ಇಂಥ ಸ್ಟಿಕ್ಕುಗಳು ಹೆಚ್ಚಾಗಿ ಮುರಿಯುವ ಬಗೆ ಇದು.

ಓವರ್‌ಟೈಮ್ ಹೊತ್ತಿಗೆ ಕಾಲುಗಳೂ ಸೋತಿರುತ್ತವೆ. ಐಸ್ ಹಾಕಿ ಆಟಗಾರ ಒಂದು ಸರದಿಗೆ ಮುಕ್ಕಾಲು ನಿಮಿಷದಷ್ಟು ಆಡಿ ಬೆಂಚಿಗೆ ಮರಳುವುದು ಸುಮ್ಮನೆ ಬೆಳೆದುಬಂದ ರೂಢಿಯಲ್ಲ. ಪೂರ್ಣ ವೇಗದ ಓಟಕ್ಕೆ ಸ್ನಾಯು ಮೊದಲು ಬಳಸುವುದು ಫಾಸ್ಫೋಕ್ರಿಯಾಟಿನ್ ಎಂಬ ಸಂಗ್ರಹವನ್ನು. ಅದು ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಬಹುಪಾಲು ಖರ್ಚಾಗುತ್ತದೆ, ಪೂರ್ತಿಯಾಗಿ ಮತ್ತೆ ತುಂಬಲು ಕೆಲವು ನಿಮಿಷಗಳ ವಿಶ್ರಾಂತಿ ಬೇಕು. ಗೋಲು ಬಿದ್ದರೆ ಎಲ್ಲವೂ ಮುಗಿಯಿತು ಎಂಬ ಸ್ಥಿತಿಯಲ್ಲಿ ತರಬೇತುದಾರರು ಕೆಲವೇ ಉತ್ತಮ ಆಟಗಾರರನ್ನು ಮತ್ತೆ ಮತ್ತೆ ಕಳಿಸುವುದರಿಂದ ಆ ವಿಶ್ರಾಂತಿಯೇ ಕಡಿತಗೊಳ್ಳುತ್ತದೆ. ಮಂಜುಗಡ್ಡೆಯೂ ಮೊದಲಿನಂತಿರುವುದಿಲ್ಲ. ಅದರ ಮೇಲ್ಮೈಯ ಅಣುಗಳು ಒಳಗಿನವುಗಳಿಗಿಂತ ಸಡಿಲವಾಗಿರುವುದೇ ಜಾರಿಕೆಗೆ ಮುಖ್ಯ ಕಾರಣ. ಪ್ರಯೋಗಗಳಲ್ಲಿ ಘರ್ಷಣೆ ಅತಿ ಕಡಿಮೆ ಕಂಡುಬಂದಿರುವುದು ಮೈನಸ್ 7 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿ. ಆದರೆ ಸ್ಕೇಟಿನ ಅಲಗುಗಳು ಗೀರಿ ಎಬ್ಬಿಸಿದ ಹಿಮದ ಪುಡಿ ಆ ನುಣುಪನ್ನು ಕೆಡಿಸುತ್ತದೆ, ಪಕ್ ಅದರ ಮೇಲೆ ಅಡ್ಡಾದಿಡ್ಡಿ ಪುಟಿಯತೊಡಗುತ್ತದೆ.

ಇವೆಲ್ಲಕ್ಕಿಂತ ನಿರ್ಣಾಯಕವಾದದ್ದು, ನನ್ನ ಮಟ್ಟಿಗೆ, ಗಣಿತ. ಐಸ್ ಹಾಕಿಯಲ್ಲಿ ಗೋಲುಗಳು ವಿರಳ. ಒಂದು ಅವಧಿಯಲ್ಲಿ ಬೀಳುವ ಗೋಲುಗಳ ಸಂಖ್ಯೆ ಪ್ವಾಸಾನ್ ವಿತರಣೆ ಎಂಬ ಸಂಭವನೀಯತೆಯ ಮಾದರಿಗೆ ಸಾಕಷ್ಟು ಚೆನ್ನಾಗಿ ಹೊಂದುತ್ತದೆ. ಒಂದು ತಂಡ 60 ನಿಮಿಷಕ್ಕೆ ಸರಾಸರಿ 4 ಗೋಲು, ಇನ್ನೊಂದು 2 ಗೋಲು ಹೊಡೆಯುವಷ್ಟು ಶಕ್ತವೆಂದು ಇಟ್ಟುಕೊಳ್ಳಿ. ಇದು ಸಣ್ಣ ಅಂತರವಲ್ಲ. ಪೂರ್ಣ ಪಂದ್ಯ ಆಡಿ ಫಲಿತಾಂಶ ಬಂದರೆ ಬಲವಾದ ತಂಡ ಗೆಲ್ಲುವ ಸಂಭವ ನೂರಕ್ಕೆ ಎಂಬತ್ತನ್ನು ದಾಟುತ್ತದೆ. ಅದೇ ತಂಡಗಳು ಒಂದೇ ಗೋಲಿಗೆ ಆಡಿದರೆ ಲೆಕ್ಕ ಬಹಳ ಸರಳ: ಮುಂದಿನ ಗೋಲು ಬಲಶಾಲಿಯದ್ದಾಗುವ ಸಂಭವ ಆರರಲ್ಲಿ ನಾಲ್ಕು, ಅಂದರೆ ನೂರಕ್ಕೆ ಸುಮಾರು 67. ಸಾಮರ್ಥ್ಯದ ಅಂತರ 3.3 ಮತ್ತು 2.7ರಷ್ಟೇ ಆಗಿದ್ದರೆ ಅದು 55ಕ್ಕೆ ಇಳಿಯುತ್ತದೆ, ನಾಣ್ಯ ಚಿಮ್ಮುವುದಕ್ಕಿಂತ ತುಸು ಮೇಲು. ಅರವತ್ತು ನಿಮಿಷ ಸಮಬಲದಲ್ಲಿ ಕಾದಾಡಿದ ತಂಡಗಳು ಸಾಮರ್ಥ್ಯದಲ್ಲೂ ಹೆಚ್ಚು ದೂರ ಇರುವುದು ಕಡಿಮೆ ಎಂಬುದನ್ನು ಸೇರಿಸಿ ನೋಡಿದರೆ, ಓವರ್‌ಟೈಮ್ ಸೋಲು ಯಾರು ಮೇಲು ಎಂಬ ಬಗ್ಗೆ ಬಹಳ ಕಡಿಮೆ ಮಾಹಿತಿ ಕೊಡುತ್ತದೆ. ಆ ಸಲ ಫಿನ್ಲೆಂಡ್ ಫೈನಲ್‌ನಲ್ಲಿ ಅಮೆರಿಕವನ್ನು 3–2ರಿಂದ ಸೋಲಿಸಿ ಚಿನ್ನ ಗೆದ್ದಿತು ನಿಜ. ಆದರೆ ಅದೂ ಒಂದೇ ಗೋಲಿನ ಅಂತರದ ಗೆಲುವು.

ಅನೇಕ ಪಂದ್ಯಾವಳಿಗಳಲ್ಲಿ ಓವರ್‌ಟೈಮ್‌ಗೆ ಐವರ ಬದಲು ಮೂವರನ್ನು ಇಳಿಸುವುದು ಗೋಲು ಬೇಗ ಬೀಳಲೆಂದು. 60 ಮೀಟರ್ ಉದ್ದ, 26 ಮೀಟರ್ ಅಗಲದ ಅಂಗಳದಲ್ಲಿ ಗೋಲ್‌ಕೀಪರ್‌ಗಳನ್ನು ಬಿಟ್ಟು ಹತ್ತು ಮಂದಿ ಇದ್ದಾಗ ತಲಾ 156 ಚದರ ಮೀಟರ್ ಜಾಗ. ಆರು ಮಂದಿಗೆ ಅದು 260 ಆಗುತ್ತದೆ. ಪಂದ್ಯ ಬೇಗ ಮುಗಿಯುತ್ತದೆ, ತೀರ್ಪು ಮಾತ್ರ ಒಂದೇ ಗೋಲಿನದ್ದಾಗಿ ಉಳಿಯುತ್ತದೆ. ಈ ಅನಿಶ್ಚಿತತೆ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಅಂಕಪಟ್ಟಿಯಲ್ಲೂ ಕಾಣುತ್ತದೆ: ಗುಂಪು ಹಂತದಲ್ಲಿ ನಿಗದಿತ ಅವಧಿಯ ಗೆಲುವಿಗೆ 3 ಅಂಕ, ಓವರ್‌ಟೈಮ್ ಗೆಲುವಿಗೆ 2, ಓವರ್‌ಟೈಮ್ ಸೋಲಿಗೂ 1. ನಾಕೌಟ್ ಹಂತದಲ್ಲಿ ಈ ರಿಯಾಯಿತಿ ಇಲ್ಲ.

2022ರ ಆಗಸ್ಟ್‌ನಲ್ಲಿ, ಕೋವಿಡ್ ಕಾರಣದಿಂದ ಮುಂದೂಡಿದ್ದ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ, ಎಡ್ಮಂಟನ್‌ನಲ್ಲಿ ಇದೇ ಎರಡು ದೇಶಗಳು ಮತ್ತೆ ಓವರ್‌ಟೈಮ್ ತಲುಪಿದವು. ಗೋಲುಗೆರೆಯತ್ತ ಗಾಳಿಯಲ್ಲಿ ಇಳಿಯುತ್ತಿದ್ದ ಪಕ್ಕನ್ನು ಕೆನಡಾದ ಮೇಸನ್ ಮ್ಯಾಕ್‌ಟಾವಿಶ್ ಕೊನೆಯ ಕ್ಷಣದಲ್ಲಿ ಸ್ಟಿಕ್ಕಿನಿಂದ ಹೊರಗೆ ತಟ್ಟಿದ. ಸ್ವಲ್ಪ ಹೊತ್ತಿನಲ್ಲೇ ಕೆಂಟ್ ಜಾನ್ಸನ್ ಇನ್ನೊಂದು ತುದಿಯಲ್ಲಿ ಗೋಲು ಹೊಡೆದ. ಈ ಸಲ 3–2ರಿಂದ ಸೋತದ್ದು ಫಿನ್ಲೆಂಡ್.