ಎಸೆದವನೇ ಬ್ಯಾಟ್ ಹಿಡಿದಾಗ

2000ದ ಜುಲೈ 8ರ ರಾತ್ರಿ, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಯಾಂಕೀಸ್ ತಂಡದ ರೋಜರ್ ಕ್ಲೆಮೆನ್ಸ್ ಎಸೆದ ವೇಗದ ಚೆಂಡು ಮೆಟ್ಸ್ ತಂಡದ ಮೈಕ್ ಪಿಯಾಝಾ ಅವರ ಹೆಲ್ಮೆಟ್‌ಗೆ ಬಡಿಯಿತು. ಪಿಯಾಝಾ ನೆಲಕ್ಕೆ ಬಿದ್ದರು. ಬೇಸ್‌ಬಾಲ್‌ನಲ್ಲಿ ಬರೆದಿಡದ ಒಂದು ಕಟ್ಟಳೆಯಿದೆ: ನಮ್ಮವನಿಗೆ ಹೊಡೆದವನು ಬ್ಯಾಟ್ ಹಿಡಿದು ಬಂದಾಗ ಅವನಿಗೂ ಒಂದು ಏಟು ಬೀಳಬೇಕು. ಆದರೆ ಆ ರಾತ್ರಿ ಕ್ಲೆಮೆನ್ಸ್ ಬ್ಯಾಟ್ ಹಿಡಿಯಲು ಬರಲೇ ಇಲ್ಲ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಅವರು ಆಡುತ್ತಿದ್ದದ್ದು ಅಮೆರಿಕನ್ ಲೀಗ್‌ನಲ್ಲಿ. ಅದರ ಅಂಗಳದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಬ್ಯಾಟ್ ಮಾಡಬೇಕಾಗಿರಲಿಲ್ಲ. ಅವರ ಬದಲಿಗೆ ಬೇರೊಬ್ಬರು ಬ್ಯಾಟ್ ಮಾಡುತ್ತಿದ್ದರು. 2002ರ ಜೂನ್ 15ರಂದು, ಪಿಚರ್ ಕೂಡ ಬ್ಯಾಟ್ ಮಾಡಬೇಕಾಗಿದ್ದ ಇನ್ನೊಂದು ಲೀಗ್ ಆದ ನ್ಯಾಷನಲ್ ಲೀಗ್‌ಗೆ ಸೇರಿದ ಶೇ ಸ್ಟೇಡಿಯಂನಲ್ಲಿ ಕ್ಲೆಮೆನ್ಸ್ ಕೊನೆಗೂ ಬ್ಯಾಟ್ ಹಿಡಿದು ನಿಂತರು. ಮೆಟ್ಸ್‌ನ ಪಿಚರ್ ಶಾನ್ ಎಸ್ಟಿಸ್ ಎಸೆದ ಚೆಂಡು ಅವರ ಬೆನ್ನ ಹಿಂದಿನಿಂದ ಹಾದು ಹೋಯಿತು. ಗುರಿ ತಪ್ಪಿತ್ತು. ಆದರೆ ಅದೇ ಪಂದ್ಯದಲ್ಲಿ ಎಸ್ಟಿಸ್ ಬ್ಯಾಟ್ ಹಿಡಿದು ಕ್ಲೆಮೆನ್ಸ್ ಅವರ ಎಸೆತವನ್ನು ಹೋಮ್ ರನ್‌ಗೆ, ಅಂದರೆ ಕ್ರಿಕೆಟ್‌ನ ಸಿಕ್ಸರ್‌ನಂತೆ ಅಂಗಳದಾಚೆಗೆ, ಬಾರಿಸಿದರು.

ಎರಡು ಅಂಗಳಗಳಲ್ಲಿ ಎರಡು ನಿಯಮ. ಈ ವಿಚಿತ್ರ ಏರ್ಪಾಡು ಸುಮಾರು ಅರ್ಧ ಶತಮಾನ ನಡೆಯಿತು. ಡೆಸಿಗ್ನೇಟೆಡ್ ಹಿಟರ್, ಚಿಕ್ಕದಾಗಿ ಡಿಎಚ್, ಎಂಬ ಈ ನಿಯಮದ ಬಗ್ಗೆ ಅಭಿಮಾನಿಗಳು ನಡೆಸಿದ ಜಗಳವೆಲ್ಲ ಪರಂಪರೆ ಮತ್ತು ರಂಜನೆಯ ಸುತ್ತಲೇ ಸುತ್ತಿತು. ನನಗೆ ಅದಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಬೇರೆ ಸಂಗತಿ. ಮನುಷ್ಯನ ನಡವಳಿಕೆಯ ಬಗ್ಗೆ ಯಾವ ಪ್ರಯೋಗಾಲಯದಲ್ಲಿಯೂ ಏರ್ಪಡಿಸಲಾಗದಷ್ಟು ದೊಡ್ಡ ಪ್ರಯೋಗವೊಂದು, ಯಾರೂ ಯೋಜಿಸದೆ, ಇಲ್ಲಿ ತಾನಾಗಿ ನಡೆದುಹೋಯಿತು.

ಬೇಸ್‌ಬಾಲ್‌ನ ಮೂಲ ನಿಯಮದಂತೆ ಒಂಬತ್ತು ಮಂದಿ ಅಂಗಳಕ್ಕಿಳಿಯುತ್ತಾರೆ, ಆ ಒಂಬತ್ತು ಮಂದಿಯೇ ಸರದಿಯಂತೆ ಬ್ಯಾಟ್ ಮಾಡುತ್ತಾರೆ. ಅವರಲ್ಲಿ ಪಿಚರ್ ಕೂಡ ಒಬ್ಬರು. ಕ್ರಿಕೆಟ್‌ನ ಹನ್ನೊಂದನೆಯ ಆಟಗಾರ ಎಷ್ಟೋ ಸಲ ಬ್ಯಾಟ್ ಹಿಡಿಯದೆಯೇ ಇನ್ನಿಂಗ್ಸ್ ಮುಗಿಯಬಹುದು. ಈ ನಿಯಮದಲ್ಲಿ ಹಾಗಿಲ್ಲ; ಸರದಿ ಮತ್ತೆ ಮತ್ತೆ ತಿರುಗಿ ಪಿಚರ್‌ನ ಬಳಿಗೇ ಬರುತ್ತದೆ. ಡಿಎಚ್ ಎಂದರೆ ಪಿಚರ್‌ನ ಬದಲು ಬ್ಯಾಟ್ ಮಾತ್ರ ಮಾಡಿ, ಫೀಲ್ಡಿಂಗ್‌ಗೆ ಇಳಿಯದ ಹತ್ತನೆಯ ಆಟಗಾರ. ಕೋನಿ ಮ್ಯಾಕ್ ಎಂಬ ಹೆಸರಾಂತ ಮ್ಯಾನೇಜರ್ 1906ರಲ್ಲಿಯೇ ಈ ಸಲಹೆ ಕೊಟ್ಟಿದ್ದರು, ಯಾರೂ ಕಿವಿಗೊಡಲಿಲ್ಲ.

ಕಿವಿಗೊಡುವಂತೆ ಮಾಡಿದ್ದು 1968. ಆ ವರ್ಷ ಪಿಚರ್‌ಗಳ ಮುಂದೆ ಬ್ಯಾಟರ್‌ಗಳು ನಿಲ್ಲಲಾರದೆ ಹೋದರು. ಬಾಬ್ ಗಿಬ್ಸನ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.12 ರನ್ ಮಾತ್ರ ಬಿಟ್ಟುಕೊಟ್ಟರು. ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚಿನ ಬ್ಯಾಟಿಂಗ್ ಸರಾಸರಿ (ಬ್ಯಾಟ್ ಮಾಡಿದ ಸರದಿಗಳಲ್ಲಿ ಯಶಸ್ವಿ ಹೊಡೆತಗಳ ಪಾಲು) ಪಡೆದ ಕಾರ್ಲ್ ಯಾಸ್ಟ್ರೆಮ್ಸ್ಕಿ ಅವರದ್ದೇ .301. ಮರುವರ್ಷ ಪಿಚರ್ ನಿಲ್ಲುವ ದಿಬ್ಬದ ಎತ್ತರವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಲಾಯಿತು. ಪ್ರೇಕ್ಷಕರ ಸಂಖ್ಯೆಯಲ್ಲಿ ನ್ಯಾಷನಲ್ ಲೀಗ್‌ಗಿಂತ ಹಿಂದೆ ಬಿದ್ದಿದ್ದ ಅಮೆರಿಕನ್ ಲೀಗ್‌ಗೆ ಅಷ್ಟು ಸಾಲಲಿಲ್ಲ. 1973ರ ಜನವರಿಯಲ್ಲಿ ಅದರ ಮಾಲೀಕರು 8-4 ಮತಗಳಿಂದ ಡಿಎಚ್ ಒಪ್ಪಿಕೊಂಡರು. ಏಪ್ರಿಲ್ 6ರಂದು ಬಾಸ್ಟನ್‌ನ ಫೆನ್ವೇ ಪಾರ್ಕ್‌ನಲ್ಲಿ ಯಾಂಕೀಸ್‌ನ ರಾನ್ ಬ್ಲೂಮ್‌ಬರ್ಗ್ ಮೊದಲ ಡಿಎಚ್ ಆಗಿ ಬ್ಯಾಟ್ ಹಿಡಿದರು.

ನ್ಯಾಷನಲ್ ಲೀಗ್ ಒಪ್ಪಲಿಲ್ಲ. 1980ರಲ್ಲಿ ಅಲ್ಲಿಯೂ ಮತದಾನವಾಯಿತು. ಫಿಲಡೆಲ್ಫಿಯಾ ತಂಡದ ಪ್ರತಿನಿಧಿ ತಮ್ಮ ಮಾಲೀಕರನ್ನು ಕೇಳಬೇಕೆಂದುಕೊಂಡರು, ಆದರೆ ಮಾಲೀಕರು ಮೀನು ಹಿಡಿಯಲು ಹೋಗಿದ್ದರಿಂದ ಸಂಪರ್ಕಕ್ಕೆ ಸಿಗಲಿಲ್ಲ. ಪ್ರತಿನಿಧಿ ಮತ ಹಾಕದೆ ಉಳಿದರು. ಪರವಾಗಿ ನಾಲ್ಕು, ವಿರೋಧವಾಗಿ ಐದು, ತಟಸ್ಥ ಮೂರು. ಪ್ರಯೋಗ ಮುಂದುವರಿದದ್ದಕ್ಕೆ ವಿಜ್ಞಾನ ಆ ಮೀನುಗಳಿಗೂ ಸ್ವಲ್ಪ ಋಣಿಯಾಗಿರಬೇಕು.

ಪಿಚರ್‌ಗಳು ಬ್ಯಾಟಿಂಗ್‌ನಲ್ಲಿ ಇಷ್ಟು ಬಡವರೇಕೆ? ದಿಬ್ಬದಿಂದ ಬ್ಯಾಟರ್‌ನ ಬಳಿಯ ಹೋಮ್ ಪ್ಲೇಟ್‌ಗೆ 18.44 ಮೀಟರ್ ದೂರ. ಗಂಟೆಗೆ 153 ಕಿಲೋಮೀಟರ್ ವೇಗದ ಚೆಂಡು ಕೈಬಿಟ್ಟ ಮೇಲೆ ಸುಮಾರು 0.4 ಸೆಕೆಂಡಿನಲ್ಲಿ ಬ್ಯಾಟರ್‌ನ ಮುಂದಿರುತ್ತದೆ. ಬ್ಯಾಟ್ ಬೀಸುವುದಕ್ಕೇ ಸುಮಾರು 0.15 ಸೆಕೆಂಡ್ ಬೇಕು. ಉಳಿದ ಕ್ಷಣಾರ್ಧದಲ್ಲಿ ಕಣ್ಣು ನೋಡಿ, ಮಿದುಳು ನಿರ್ಧರಿಸಬೇಕು. ಹಾಗಾಗಿ ನುರಿತ ಬ್ಯಾಟರ್ ಚೆಂಡನ್ನು ಕೊನೆಯವರೆಗೆ ನೋಡಿ ಹೊಡೆಯುವುದಿಲ್ಲ. ಪಿಚರ್‌ನ ಭುಜ, ಮಣಿಕಟ್ಟು, ಚೆಂಡಿನ ಹೊಲಿಗೆ ತಿರುಗುವ ರೀತಿ ಇವುಗಳಿಂದ ಅದು ಎಲ್ಲಿಗೆ ಬರುತ್ತದೆಂದು ಮೊದಲೇ ಊಹಿಸಿರುತ್ತಾನೆ. ಈ ಊಹೆ ಹುಟ್ಟಿನಿಂದ ಬರುವುದಲ್ಲ, ಸಾವಿರಾರು ಎಸೆತಗಳನ್ನು ಎದುರಿಸಿ ಗಳಿಸುವುದು. 2004ರಲ್ಲಿ ಸಾಫ್ಟ್‌ಬಾಲ್ ಪಿಚರ್ ಜೆನ್ನಿ ಫಿಂಚ್, ಆ ಕಾಲದ ಶ್ರೇಷ್ಠ ಬ್ಯಾಟರ್‌ಗಳಲ್ಲೊಬ್ಬರಾದ ಆಲ್ಬರ್ಟ್ ಪುಹೋಲ್ಸ್ ಅವರನ್ನು ಚೆಂಡು ಮುಟ್ಟಲೂ ಬಿಡದೆ ಔಟ್ ಮಾಡಿದರು. ಕೈಯನ್ನು ಕೆಳಗಿನಿಂದ ಬೀಸಿ ಎಸೆಯುವ ಸಾಫ್ಟ್‌ಬಾಲ್‌ನ ಆ ಚಲನೆಯನ್ನು ಪುಹೋಲ್ಸ್ ಅವರ ಕಣ್ಣು ಓದಲು ಕಲಿತೇ ಇರಲಿಲ್ಲ. ಹರೆಯದಿಂದಲೇ ಎಸೆತಕ್ಕೆ ಮುಡಿಪಾದ ಪಿಚರ್‌ನ ಸ್ಥಿತಿಯೂ ಇದೇ. 2021ರಲ್ಲಿ ಪಿಚರ್‌ಗಳ ಒಟ್ಟು ಬ್ಯಾಟಿಂಗ್ ಸರಾಸರಿ ಸುಮಾರು .110, ಎಲ್ಲ ಆಟಗಾರರದ್ದು .244. ಟೆಸ್ಟ್ ಕ್ರಿಕೆಟ್‌ನಲ್ಲಿ 242 ವಿಕೆಟ್ ತೆಗೆದು 167 ರನ್ ಮಾತ್ರ ಗಳಿಸಿದ ನಮ್ಮ ಬಿ.ಎಸ್. ಚಂದ್ರಶೇಖರ್ ಅವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಆ ಪ್ರಯೋಗದ ವಿಷಯ. 1973ರ ನಂತರದ ಎರಡು ದಶಕಗಳಲ್ಲಿ ಅಮೆರಿಕನ್ ಲೀಗ್‌ನಲ್ಲಿ ಬ್ಯಾಟರ್‌ಗಳ ಮೈಗೆ ಚೆಂಡು ಬಡಿಯುವ ಪ್ರಮಾಣ ನ್ಯಾಷನಲ್ ಲೀಗ್‌ಗಿಂತ ಸಾಮಾನ್ಯವಾಗಿ ಹೆಚ್ಚಾಗಿತ್ತು. 1997ರಲ್ಲಿ ಗಾಫ್, ಶುಗಾರ್ಟ್ ಮತ್ತು ಟೊಲಿಸನ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೊಂದು ಕಾರಣ ಕೊಟ್ಟರು. ವಿಮೆಯಿರುವ ವಾಹನದ ಮಾಲೀಕ ತುಸು ಅಜಾಗರೂಕನಾಗುವಂತೆ, ಬ್ಯಾಟ್ ಹಿಡಿಯುವ ಹಂಗಿಲ್ಲದ ಪಿಚರ್ ನಿರ್ಭಯನಾಗುತ್ತಾನೆ. ಪ್ರತೀಕಾರದ ಚೆಂಡು ಬಡಿಯುವುದು ಅವನಿಗಲ್ಲ, ಅವನ ಸಹ ಆಟಗಾರನಿಗೆ. ಅರ್ಥಶಾಸ್ತ್ರ ಇದನ್ನು ಮಾರಲ್ ಹಜಾರ್ಡ್ ಎನ್ನುತ್ತದೆ.

ಕೇಳಿದ ಕೂಡಲೇ ತಲೆದೂಗುವಂಥ ವಿವರಣೆ. ಇಂಥ ವಿವರಣೆಗಳ ಮುಂದೆಯೇ ನಾವು ಹೆಚ್ಚು ಎಚ್ಚರದಿಂದಿರಬೇಕು ಎಂಬುದು ಮರುವರ್ಷವೇ ಗೊತ್ತಾಯಿತು. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಆಕ್ಷೇಪ ಎತ್ತಿದರು: ನ್ಯಾಷನಲ್ ಲೀಗ್‌ನಲ್ಲಿಯೂ ಪಿಚರ್‌ಗಳ ಮೈಗೆ ಚೆಂಡು ಬೀಳುವುದು ತೀರ ಅಪರೂಪ, ಅಷ್ಟು ದುರ್ಬಲ ಭಯ ಇಷ್ಟು ದೊಡ್ಡ ವ್ಯತ್ಯಾಸ ತರಬಲ್ಲದೇ? ಬೇರೆ ಸಂಶೋಧಕರು ಇನ್ನೂ ಸರಳವಾದ ಕಾರಣ ತೋರಿಸಿದರು. ಚೆಂಡು ಮೈಗೆ ಬಡಿದರೆ ಬ್ಯಾಟರ್‌ಗೆ ಮೊದಲ ಬೇಸ್, ಅಂದರೆ ರನ್ನಿನ ಹಾದಿಯ ಮೊದಲ ನಿಲ್ದಾಣ, ಉಚಿತವಾಗಿ ಸಿಗುತ್ತದೆ. ಸುಲಭವಾಗಿ ಔಟಾಗುವ ಪಿಚರ್‌ಗೆ ಆ ಉಡುಗೊರೆಯನ್ನು ಯಾರು ಕೊಡುತ್ತಾರೆ? ಆ ಜಾಗದಲ್ಲಿ ಬಲವಾದ ಡಿಎಚ್ ನಿಂತರೆ ಚೆಂಡನ್ನು ಮೈಗೆ ಹತ್ತಿರ ಎಸೆದು ಅವನನ್ನು ಹಿಂದೆ ಸರಿಸಲೇಬೇಕು. ಹಾಗಾದರೆ ಸಂಖ್ಯೆ ಏರಿದ್ದು ಪಿಚರ್‌ನ ಮನಸ್ಸು ಬದಲಾಗಿದ್ದರಿಂದಲ್ಲ, ಎದುರಿಗೆ ನಿಂತವನು ಬದಲಾಗಿದ್ದರಿಂದ.

ಅಷ್ಟರಲ್ಲಿ 1990ರ ದಶಕದಲ್ಲಿ ಲೀಗ್‌ಗಳ ನಡುವಿನ ಅಂತರವೇ ಕರಗಿತು. ನಿಯಮ ಹಾಗೆಯೇ ಇದ್ದರೂ ಫಲಿತಾಂಶ ಬದಲಾಯಿತು! 1993ರಲ್ಲಿ ಎರಡು ಹೊಸ ತಂಡಗಳು ಸೇರಿದ್ದು ನ್ಯಾಷನಲ್ ಲೀಗ್‌ಗೆ. ಅವುಗಳೊಡನೆ ಹಿಡಿತ ಕಡಿಮೆಯಿದ್ದ ಪಿಚರ್‌ಗಳೂ ಬಂದರು. 1994ರಿಂದ, ಒಂದು ಕಡೆಯವರು ಬೇಕೆಂದೇ ಹೊಡೆದರೆ ಅಂಪೈರ್ ಎರಡೂ ತಂಡಗಳಿಗೆ ಎಚ್ಚರಿಕೆ ಕೊಡತೊಡಗಿದರು. ಇದರಿಂದ ಪ್ರತೀಕಾರ ದುಬಾರಿಯಾಯಿತು. ಮೊದಲು ಹೊಡೆದವನಿಗೆ ಧೈರ್ಯ ಬಂದಿತು.

ಈ ಗಂಟನ್ನು ಸಡಿಲಿಸಿದ್ದು 1997ರಲ್ಲಿ ಶುರುವಾದ ಅಂತರಲೀಗ್ ಪಂದ್ಯಗಳು. ಅತಿಥೇಯ ತಂಡದ ನಿಯಮವೇ ಆ ಪಂದ್ಯದ ನಿಯಮ. ಅದೇ ಪಿಚರ್ ಈ ವಾರ ಡಿಎಚ್ ಜೊತೆ, ಮುಂದಿನ ವಾರ ಡಿಎಚ್ ಇಲ್ಲದೆ. ವಾರ್ಷಿಕ ಸರಾಸರಿಯನ್ನು ಬದಿಗಿಟ್ಟು ಬ್ರಾಡ್‌ಬರಿ ಮತ್ತು ಡ್ರೈನೆನ್ ಎಂಬ ಸಂಶೋಧಕರು ಪಂದ್ಯ ಪಂದ್ಯವನ್ನೂ, ಅನಂತರ ಪ್ರತಿ ಬ್ಯಾಟರ್‌ನ ಸರದಿಯನ್ನೂ ಬಿಡಿಬಿಡಿಯಾಗಿ ನೋಡಿದರು. 2006 ಮತ್ತು 2007ರಲ್ಲಿ ಅವರು ಪ್ರಕಟಿಸಿದ್ದರಲ್ಲಿ ಎರಡೂ ಕಡೆಯವರಿಗೆ ಪಾಲು ಸಿಕ್ಕಿತು: ಬ್ಯಾಟರ್ ಯಾರೆಂಬುದು ಮುಖ್ಯ, ಆದರೆ ಪ್ರತೀಕಾರದ ಭಯವೂ ಕಲ್ಪನೆಯಲ್ಲ. ಒಂದು ದಶಕ ಜಗಳವಾಡಿ ಸಿಕ್ಕ ಉತ್ತರ ಇದು. ನನ್ನ ದೃಷ್ಟಿಯಲ್ಲಿ ಡಿಎಚ್ ಚರ್ಚೆ ಕೊಟ್ಟ ಅತ್ಯುತ್ತಮ ಫಲವೂ ಇದೇ.

ಆಟದ ಮಟ್ಟಿಗೆ ಡಿಎಚ್ ಪರರು ಗೆದ್ದರು. ಬ್ಯಾಟ್ ಮಾಡಲು, ಓಡಲು ಹೋಗಿ ಪಿಚರ್‌ಗಳು ಗಾಯಗೊಂಡದ್ದು ಅವರ ವಾದಕ್ಕೆ ಬಲ ಕೊಟ್ಟಿತು. 2008ರಲ್ಲಿ ಬೇಸ್‌ಗಳ ನಡುವೆ ಓಡುವಾಗ ಪಾದಕ್ಕೆ ಪೆಟ್ಟು ಮಾಡಿಕೊಂಡ ಪಿಚರ್ ವಾಂಗ್ ಚಿಯೆನ್-ಮಿಂಗ್ ಮತ್ತೆಂದೂ ಮೊದಲಿನಂತಾಗಲಿಲ್ಲ. 2020ರ ಕೋವಿಡ್ ಋತುವಿನಲ್ಲಿ ತಾತ್ಕಾಲಿಕವಾಗಿ, 2022ರಿಂದ ಶಾಶ್ವತವಾಗಿ ನ್ಯಾಷನಲ್ ಲೀಗ್ ಕೂಡ ಡಿಎಚ್ ಒಪ್ಪಿತು. ಕಳೆದುಹೋದದ್ದೂ ಇದೆ. ಚೆನ್ನಾಗಿ ಎಸೆಯುತ್ತಿರುವ ಪಿಚರ್‌ನನ್ನು ಆರನೆಯ ಇನ್ನಿಂಗ್ಸ್‌ನಲ್ಲಿ ರನ್‌ಗಾಗಿ ತೆಗೆದು ಬದಲಿ ಬ್ಯಾಟರ್‌ನನ್ನು ಇಳಿಸಬೇಕೇ, ಉಳಿಸಿಕೊಳ್ಳಬೇಕೇ ಎಂಬ ಮ್ಯಾನೇಜರ್‌ನ ಸಂಕಟ ಈಗಿಲ್ಲ. 2016ರಲ್ಲಿ 43ರ ಹೊಸ್ತಿಲಲ್ಲಿದ್ದ ಪಿಚರ್ ಬಾರ್ಟೊಲೊ ಕೊಲೊನ್ ಜೀವನದ ಮೊದಲ ಹೋಮ್ ರನ್ ಹೊಡೆದಂಥ ಸಂಜೆಗಳೂ ಬಹುತೇಕ ಮುಗಿದವು.

ನಮ್ಮಲ್ಲಿ 2023ರಲ್ಲಿ ಐಪಿಎಲ್‌ಗೆ ಬಂದ ಇಂಪ್ಯಾಕ್ಟ್ ಪ್ಲೇಯರ್ (ಪಂದ್ಯದ ನಡುವೆ ಒಬ್ಬ ಆಟಗಾರನ ಬದಲು ಇನ್ನೊಬ್ಬನನ್ನು ಇಳಿಸುವ) ನಿಯಮದ ಮೇಲಿನ ಚರ್ಚೆಯೂ ಇದೇ ಜಾಡಿನದು. ಆಲ್‌ರೌಂಡರ್‌ಗಳ ಬೆಳವಣಿಗೆಗೆ ಅದು ಅಡ್ಡಿ ಎಂದು ರೋಹಿತ್ ಶರ್ಮಾ 2024ರಲ್ಲಿ ಹೇಳಿದಾಗ ನನಗೆ ನೆನಪಾದದ್ದು ಶೋಹೇ ಒಟಾನಿ. ಎಸೆತ, ಬ್ಯಾಟಿಂಗ್ ಎರಡರಲ್ಲಿಯೂ ಅಗ್ರಗಣ್ಯರಾದ ಒಟಾನಿಗಾಗಿ ಬೇಸ್‌ಬಾಲ್ 2022ರಲ್ಲಿ ನಿಯಮವನ್ನೇ ತಿದ್ದಿತು: ಆರಂಭಿಕ ಪಿಚರ್ ತಾನೇ ಡಿಎಚ್ ಕೂಡ ಆಗಬಹುದು, ದಿಬ್ಬದಿಂದ ಇಳಿದ ಮೇಲೂ ಬ್ಯಾಟಿಂಗ್ ಮುಂದುವರಿಸಬಹುದು. ಐಪಿಎಲ್ ನಿಯಮವನ್ನು ರೂಪಿಸುವವರು ಈ ತಿದ್ದುಪಡಿಯನ್ನು ಗಮನವಿಟ್ಟು ಓದಬೇಕೆಂದು ನನ್ನ ಆಸೆ.

ದೊಡ್ಡ ವೃತ್ತಿಪರ ಲೀಗ್‌ಗಳಲ್ಲಿ ಪಿಚರ್‌ಗಳು ಬ್ಯಾಟ್ ಹಿಡಿಯುವ ಪದ್ಧತಿ ಅಮೆರಿಕದ ನಂತರವೂ ಉಳಿದದ್ದು ಜಪಾನಿನ ಸೆಂಟ್ರಲ್ ಲೀಗ್‌ನಲ್ಲಿ. ಅಲ್ಲಿನ ಪೆಸಿಫಿಕ್ ಲೀಗ್ 1975ರಲ್ಲಿಯೇ ಡಿಎಚ್ ಸ್ವೀಕರಿಸಿತ್ತು. 2027ರಿಂದ ತಾನೂ ಅಳವಡಿಸಿಕೊಳ್ಳುವುದಾಗಿ ಸೆಂಟ್ರಲ್ ಲೀಗ್ 2025ರಲ್ಲಿ ಪ್ರಕಟಿಸಿದೆ. ಆ ಎರಡು ಲೀಗ್‌ಗಳ ಅರ್ಧ ಶತಮಾನದ ಅಂಕಿಅಂಶಗಳನ್ನು ಅಮೆರಿಕದ ಅಂಕಿಅಂಶಗಳ ಪಕ್ಕದಲ್ಲಿಟ್ಟು, ಬ್ಯಾಟರ್‌ನ ಒಂದೊಂದು ಸರದಿಯನ್ನೂ ಬಿಡದೆ ಹೋಲಿಸುವ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕು.