ಮಾತ್ರೆ ನುಂಗಿದರೂ ಏರದ ರಕ್ತ

ಹುಣಸೂರಿನ ಕಡೆಯಿಂದ ಬಂದಿದ್ದ ಆ ಹೆಣ್ಣುಮಗಳು ಕುರ್ಚಿಯಲ್ಲಿ ಕೂರುವ ಮೊದಲೇ ಬಟ್ಟೆಯ ಚೀಲದಿಂದ ಒಂದು ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು. ಕಬ್ಬಿಣದ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು, ಹತ್ತತ್ತನ್ನು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದವು. "ಒಂದನ್ನೂ ಬಿಟ್ಟಿಲ್ಲ ಮೇಡಂ. ಬೇಕಾದರೆ ಎಣಿಸಿ ನೋಡಿ" ಎಂದರು.

ಮೊದಲ ಬಸುರಿನಲ್ಲಿ ಶುರುವಾದ ಮಾತ್ರೆ. ಆ ಮಗುವಿಗೆ ಈಗ ಮೂರು ವರ್ಷ ತುಂಬಿದೆ, ಎರಡನೆಯದು ಹೊಟ್ಟೆಯಲ್ಲಿ ಮೂರು ತಿಂಗಳು. ಇಷ್ಟು ಕಾಲವೂ ಹಿಮೋಗ್ಲೋಬಿನ್ ಹತ್ತರ ಆಸುಪಾಸಿನಿಂದ ಕದಲಿರಲಿಲ್ಲ. ಹೋದಲ್ಲೆಲ್ಲ ಒಂದೇ ಮಾತು: "ನೀವು ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ." ಮನೆಯಲ್ಲಿ ಅತ್ತೆಯೂ ಅದನ್ನೇ ಹೇಳತೊಡಗಿದ ಮೇಲೆ ಆಕೆ ಖಾಲಿ ಸ್ಟ್ರಿಪ್‌ಗಳನ್ನು ಎಸೆಯುವುದನ್ನು ನಿಲ್ಲಿಸಿದ್ದರು. ತಾನು ಸುಳ್ಳು ಹೇಳುತ್ತಿಲ್ಲ ಎಂಬುದಕ್ಕೆ ಅವರ ಬಳಿ ಇದ್ದ ಸಾಕ್ಷಿ ಅದೊಂದೇ.

ಉತ್ತರ ಆಕೆಯ ಕೈಯಲ್ಲಿದ್ದ ವರದಿಯಲ್ಲೇ ಇತ್ತು. ಹಿಮೋಗ್ಲೋಬಿನ್ 10.1. ಅದರ ಕೆಳಗಿನ ಸಾಲುಗಳಲ್ಲಿ ಕೆಂಪು ರಕ್ತಕಣಗಳ ಸಂಖ್ಯೆ ಮೈಕ್ರೋಲೀಟರಿಗೆ 54 ಲಕ್ಷ, ಕಣದ ಸರಾಸರಿ ಗಾತ್ರವನ್ನು ಹೇಳುವ ಎಂಸಿವಿ 60. ಈ ಗಾತ್ರ 80ರಿಂದ 100ರ ನಡುವೆ ಇರಬೇಕು. ಕಬ್ಬಿಣದ ಕೊರತೆಯಲ್ಲೂ ಕಣಗಳು ಕುಗ್ಗುತ್ತವೆ, ನಿಜ. ಆದರೆ ಸಾಮಾನಿಲ್ಲದ ಕಾರ್ಖಾನೆಯಲ್ಲಿ ಸರಕಿನ ಗಾತ್ರದ ಜೊತೆಗೆ ಸಂಖ್ಯೆಯೂ ಇಳಿಯುತ್ತದೆ. ಇಲ್ಲಿ ಕಣಗಳು ತೀರ ಪುಟ್ಟವು, ಸಂಖ್ಯೆ ಮಾತ್ರ ತುಂಬಿ ತುಳುಕುತ್ತಿದೆ. ನಾವು ಒಂದು ಸಣ್ಣ ಭಾಗಾಕಾರ ಮಾಡುತ್ತೇವೆ: ಎಂಸಿವಿಯನ್ನು ಮಿಲಿಯನ್‌ಗಳಲ್ಲಿ ಬರೆದ ಕಣಸಂಖ್ಯೆಯಿಂದ ಭಾಗಿಸುವುದು. 60ನ್ನು 5.4ರಿಂದ ಭಾಗಿಸಿದರೆ ಬರುವುದು 11. ಹದಿಮೂರಕ್ಕಿಂತ ಕಡಿಮೆ ಬಂದರೆ ಕಬ್ಬಿಣಕ್ಕಿಂತ ಥಲಸ್ಸೇಮಿಯಾ ಎಂಬ, ಅಪ್ಪ ಅಮ್ಮಂದಿರಿಂದ ಬರುವ ರಕ್ತದ ಕಾಯಿಲೆಯ ವಾಹಕತನದ ಕಡೆಗೆ ಅನುಮಾನ ಹೋಗಬೇಕು. ಖಚಿತಪಡಿಸಲು ಇಷ್ಟು ಸಾಲದು, ಆದರೆ ಮುಂದಿನ ಪರೀಕ್ಷೆ ಬರೆಯಲು ಸಾಕು. ನಾಲ್ಕು ವರ್ಷ ಎಲ್ಲರ ಕಣ್ಣೂ ಮೊದಲ ಸಾಲಿನಲ್ಲೇ ನಿಂತುಬಿಟ್ಟಿತ್ತು.

ರಕ್ತದ ಡಾಕ್ಟರ್ ಎಂದರೆ ರಕ್ತನಿಧಿಯವರು, ಇಲ್ಲವೇ ರಕ್ತದ ಕ್ಯಾನ್ಸರ್ ನೋಡುವವರು ಎಂದು ಬಹಳ ಜನ ತಿಳಿದಿದ್ದಾರೆ. ಲ್ಯುಕೇಮಿಯಾ, ಲಿಂಫೋಮಾ, ಹಿಮೋಫಿಲಿಯಾ ನಮ್ಮ ಪಾಲಿಗೆ ಬರುತ್ತವೆ, ಹೌದು. ಆದರೆ ನನ್ನ ಹೊರರೋಗಿ ವಿಭಾಗದ ಸಾಲಿನಲ್ಲಿ ಕಾಯುವವರಲ್ಲಿ ಹೆಚ್ಚಿನವರು "ರಕ್ತ ಕಡಿಮೆ ಅಂದರು" ಎಂದೇ ಮಾತು ಶುರು ಮಾಡುತ್ತಾರೆ. ರಕ್ತ ಕಡಿಮೆ ಎಂಬುದು ಜ್ವರ ಎಂದಂತೆ. ಯಾವ ಜ್ವರ ಎಂದು ಕೇಳದೆ ಯಾರೂ ಔಷಧಿ ಕೊಡುವುದಿಲ್ಲ. ರಕ್ತ ಕಡಿಮೆ ಎಂದಾಗ ಮಾತ್ರ ಆ ಪ್ರಶ್ನೆಯನ್ನು ಏಕೆ ಬಿಟ್ಟುಬಿಡುತ್ತೇವೆ? ಇದು ನನ್ನನ್ನು ದಿನವೂ ಕಾಡುವ ಸಂಕಟ.

ನಾನು ಆಕೆಯ ಬೆರಳಿನಿಂದ ಒಂದು ಹನಿ ತೆಗೆದು ಸ್ಲೈಡ್ ಮಾಡಿದೆ. ಯಂತ್ರ ಒಂದು ನಿಮಿಷದಲ್ಲಿ ಎಣಿಸಿಕೊಡುವ ಈ ಕಾಲದಲ್ಲೂ ಸ್ಲೈಡನ್ನು ನಾನು ಬಿಟ್ಟಿಲ್ಲ. ಗಾಜಿನ ಪಟ್ಟಿಯ ಒಂದು ತುದಿಗೆ ಹನಿ ಇಟ್ಟು, ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಒಂದೇ ಸಮ ಎಳೆಯಬೇಕು. ಕೈ ನಡುಗಿದರೆ ಗೆರೆ ಬೀಳುತ್ತದೆ. ಒಣಗಿದ ಮೇಲೆ ಲೀಶ್ಮನ್ ಬಣ್ಣ, ತೊಳೆತ, ಒಂದು ತೊಟ್ಟು ಎಣ್ಣೆ, ಆಮೇಲೆ ಸೂಕ್ಷ್ಮದರ್ಶಕ. ಆರೋಗ್ಯವಂತರ ಕೆಂಪು ಕಣ ನಡುವೆ ಬೆರಳಿನಿಂದ ಒತ್ತಿದ ಕಜ್ಜಾಯದ ಹಾಗೆ ಕಾಣುತ್ತದೆ: ಸುತ್ತ ದಪ್ಪ, ನಡುವೆ ಮೂರನೆಯ ಒಂದು ಭಾಗದಷ್ಟು ತಿಳಿ. ಕಬ್ಬಿಣ ಕಡಿಮೆಯಾದವರ ಕಣ ಕೋಡುಬಳೆ, ಅಂಚು ಬಿಟ್ಟರೆ ಒಳಗೆ ಏನೂ ಇಲ್ಲ. ನಡುನಡುವೆ ಪೆನ್ಸಿಲ್ಲಿನಂತೆ ಉದ್ದವಾದವೂ ಸಿಗುತ್ತವೆ. ಈ ಹೆಣ್ಣುಮಗಳ ಸ್ಲೈಡಿನಲ್ಲಿದ್ದುದು ಪುಟ್ಟಪುಟ್ಟ ಕಣಗಳು. ಅವುಗಳಲ್ಲಿ ಹಲವು, ತಿಳಿಯಾಗಿರಬೇಕಾದ ಜಾಗದ ನಟ್ಟನಡುವೆ ಕುಂಕುಮದ ಬೊಟ್ಟಿಟ್ಟಂತೆ ಒಂದು ಕೆಂಪು ಚುಕ್ಕೆ ಹೊತ್ತಿದ್ದವು.

ಫೆರಿಟಿನ್ ಪರೀಕ್ಷೆಯಲ್ಲಿ ಕಬ್ಬಿಣದ ದಾಸ್ತಾನು ಬೇಕಾದಷ್ಟಿತ್ತು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಎ2 ಎಂಬ ಬಗೆ 5.4 ಶೇಕಡಾ, 3.5ರ ಒಳಗಿರಬೇಕಾದದ್ದು. ಆಕೆ ಬೀಟಾ ಥಲಸ್ಸೇಮಿಯಾ ವಾಹಕಿ. ತಂದೆಯಿಂದಲೋ ತಾಯಿಯಿಂದಲೋ ಬಂದ ಒಂದು ಜೀನ್ ಸ್ವಲ್ಪ ಕುಂಟುತ್ತದೆ, ಇನ್ನೊಂದು ಚೆನ್ನಾಗಿ ದುಡಿಯುತ್ತದೆ. ಇದು ಕಾಯಿಲೆಯಲ್ಲ. ಅವರು ಗದ್ದೆ ಕೆಲಸ ಮಾಡಬಹುದು, ಮಕ್ಕಳನ್ನು ಹೆರಬಹುದು, ತುಂಬು ಆಯಸ್ಸು ಬದುಕಬಹುದು. ಹಿಮೋಗ್ಲೋಬಿನ್ ಮಾತ್ರ ಹತ್ತು ಹನ್ನೊಂದರಲ್ಲೇ ನಿಂತಿರುತ್ತದೆ. ಅದನ್ನು ಹದಿಮೂರಕ್ಕೆ ಏರಿಸಲು ಯಾವ ಮಾತ್ರೆಗೂ ಸಾಧ್ಯವಿಲ್ಲ.

"ಹಾಗಾದರೆ ತಪ್ಪು ನನ್ನದಲ್ಲವೇ?" ಎಂದು ಕೇಳಿದರು. ಅಲ್ಲ ಎಂದು ಮೂರು ಸಲ ಹೇಳಬೇಕಾಯಿತು.

ಆಮೇಲೆ ನಾನು ಕೇಳಬೇಕಾದ ಪ್ರಶ್ನೆ ಬಾಗಿಲ ಹೊರಗೆ ನಿಂತಿದ್ದ ಅವರ ಗಂಡನ ಕುರಿತದ್ದು. ಒಬ್ಬರೇ ವಾಹಕರಾದರೆ ಮಕ್ಕಳಿಗೆ ಹೆಚ್ಚೆಂದರೆ ವಾಹಕತನ ಬಂದೀತು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಥಲಸ್ಸೇಮಿಯಾ ಮೇಜರ್‌ಗೆ. ಆ ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಆರು ತಿಂಗಳಿನಿಂದ ಎರಡು ವರ್ಷದೊಳಗೆ ಬಿಳಿಚಿಕೊಳ್ಳುತ್ತದೆ, ಹಾಲು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ. ಅಲ್ಲಿಂದ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು. ಕೊಡುವ ಒಂದೊಂದು ಯೂನಿಟ್ಟಿನಲ್ಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕೆ ಇಲ್ಲ. ಕಬ್ಬಿಣ ಹೃದಯದಲ್ಲಿ, ಯಕೃತ್ತಿನಲ್ಲಿ, ಗ್ರಂಥಿಗಳಲ್ಲಿ ಕೂರುತ್ತಾ ಹೋಗುತ್ತದೆ. ಹೊರತೆಗೆಯುವ ಔಷಧಿ ಪ್ರತಿದಿನ ಬೇಕು. ಹೊಂದುವ ಅಸ್ಥಿಮಜ್ಜೆ ಸಿಕ್ಕಿ ಕಸಿ ಯಶಸ್ವಿಯಾದರೆ ಗುಣವಾಗುತ್ತದೆ, ಆದರೆ ಆ ಅದೃಷ್ಟ ಎಲ್ಲರಿಗೂ ಇಲ್ಲ. ಇಂಥ ಮಕ್ಕಳ ತಾಯಂದಿರು ರಕ್ತನಿಧಿಯ ಬೆಂಚಿನ ಮೇಲೆ ತೂಕಡಿಸುತ್ತಾ ಕಾಯುವುದನ್ನು ನಾನು ವರ್ಷಗಟ್ಟಲೆ ಕಂಡಿದ್ದೇನೆ. ಗಂಡ ಹೆಂಡತಿ ಇಬ್ಬರ ತೋಳಿನಿಂದ ಒಂದೊಂದು ಟ್ಯೂಬು ರಕ್ತ ಮೊದಲೇ ತೆಗೆದಿದ್ದರೆ ಆ ದಂಪತಿಗೆ ಕಣ್ಣು ತೆರೆದು ತೀರ್ಮಾನಿಸುವ ಅವಕಾಶ ಇರುತ್ತಿತ್ತು. ಬಸುರಿನ ಹತ್ತನೆಯ ವಾರ ಕಳೆದ ಮೇಲೆ ಭ್ರೂಣದ ಪರೀಕ್ಷೆ ಸಾಧ್ಯ, ಆದರೆ ಅದಕ್ಕೆ ಅಪ್ಪ ಅಮ್ಮಂದಿರ ವರದಿ ಕೈಯಲ್ಲಿರಬೇಕು. ಮೈಸೂರು, ಚಾಮರಾಜನಗರದ ಹಾಡಿಗಳಲ್ಲಿ ಕುಡಗೋಲು ಕಣ (ಸಿಕಲ್ ಸೆಲ್) ರೋಗದ ವಾಹಕರನ್ನು ಗುರುತಿಸಲೂ ಇದೇ ಎಚ್‌ಪಿಎಲ್‌ಸಿ ನೆರವಾಗುತ್ತದೆ. ಆ ರೋಗಕ್ಕಾಗಿ ದೇಶ 2023ರ ಜುಲೈಯಲ್ಲಿ ಪ್ರತ್ಯೇಕ ಅಭಿಯಾನವನ್ನೇ ಶುರು ಮಾಡಿದೆ. ಥಲಸ್ಸೇಮಿಯಾಕ್ಕೂ ಅಷ್ಟೇ ಮುತುವರ್ಜಿ ಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಇಷ್ಟನ್ನು ಓದಿ ಯಾರೂ ಕಬ್ಬಿಣದ ಮಾತ್ರೆ ಬಿಡಬಾರದು. ನಮ್ಮಲ್ಲಿ ಅತಿ ಹೆಚ್ಚು ಕಾಣುವುದು ಕಬ್ಬಿಣದ ಕೊರತೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67 ಮಂದಿಗೆ ರಕ್ತಹೀನತೆ ಇದೆ. ಆದರೆ ಅಲ್ಲಿಯೂ ಒಂದು ಪ್ರಶ್ನೆ ಬಾಕಿ ಇರುತ್ತದೆ: ಕಬ್ಬಿಣ ಎಲ್ಲಿ ಹೋಯಿತು?

ಊಟದಿಂದ ದಿನಕ್ಕೆ ನಮ್ಮ ಮೈಗೆ ಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಯಿತು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಂಗಸಿಗೆ ಊಟದಿಂದ ಈ ಲೆಕ್ಕ ಸರಿದೂಗುವುದು ಕಷ್ಟ. "ಮುಟ್ಟು ಹೇಗೆ?" ಎಂದು ಕೇಳಿದರೆ "ಎಲ್ಲರಿಗೂ ಆಗುವ ಹಾಗೆ" ಎಂಬ ಉತ್ತರ ಬರುತ್ತದೆ. ಅದಕ್ಕೇ ನಾನು ರಾತ್ರಿ ಬಟ್ಟೆ ಬದಲಿಸಲು ಏಳಬೇಕಾಗುತ್ತದೆಯೇ, ಗಡ್ಡೆ ಬೀಳುತ್ತದೆಯೇ, ಆ ದಿನಗಳಲ್ಲಿ ಮದುವೆ ಮುಂಜಿಗೆ ಹೋಗಲು ಅಂಜಿಕೆಯೇ ಎಂದು ಕೇಳುತ್ತೇನೆ. ಇನ್ನೊಂದು ಮಾತನ್ನೂ ಕೇಳುತ್ತೇನೆ: ಬಳಪ ತಿನ್ನಬೇಕು ಅನಿಸುತ್ತದೆಯೇ? ಹಸಿ ಅಕ್ಕಿ? ಮಣ್ಣು? ಆಗ ಮುಖ ಕೆಂಪಾಗುತ್ತದೆ, ಜೊತೆಗೆ ಬಂದವರ ಕಡೆ ಕಣ್ಣು ಹೋಗುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಕೈಚೀಲದ ಒಳಗಿನ ಜೇಬಿನಿಂದ ಅರ್ಧ ತಿಂದ ಬಳಪವನ್ನು ತೆಗೆದು ತೋರಿಸಿದ್ದರು. ಇದು ಕೆಟ್ಟ ಚಾಳಿಯಲ್ಲ, ಕಬ್ಬಿಣದ ಕೊರತೆಯ ಲಕ್ಷಣ. ಕಬ್ಬಿಣ ಕೊಟ್ಟರೆ ಆ ಚಪಲ ತಾನಾಗಿಯೇ ಹೋಗುತ್ತದೆ.

ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಇಳಿದಿದ್ದರೆ ಅದು ಎಚ್ಚರಿಕೆಯ ಗಂಟೆ. ಅರವತ್ತು ದಾಟಿದ ಒಬ್ಬ ನಿವೃತ್ತ ಬಸ್ ಚಾಲಕರಿಗೆ ಒಂದು ವರ್ಷದಲ್ಲಿ ಎರಡು ಸಲ ಎರಡೆರಡು ಬಾಟಲಿ ರಕ್ತ ಏರಿಸಿದ್ದರು. ಏರಿಸಿದಾಗ ಚೈತನ್ಯ, ನಾಲ್ಕು ತಿಂಗಳಿಗೆ ಮತ್ತೆ ಅದೇ ಏದುಸಿರು. ತಳ ತೂತಾದ ಕೊಡಕ್ಕೆ ನೀರು ಹೊಯ್ದಂತೆ. ಕೊಲೊನೋಸ್ಕೋಪಿ ಮಾಡಿಸಿದಾಗ ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಸಿಕ್ಕಿತು. ಅಲ್ಲಿನ ಗಡ್ಡೆ ನೋವಿಲ್ಲದೆ, ಕಣ್ಣಿಗೂ ಕಾಣದಂತೆ ತಿಂಗಳುಗಟ್ಟಲೆ ಜಿನುಗಬಲ್ಲದು. ಶಸ್ತ್ರಚಿಕಿತ್ಸೆಯಾಯಿತು, ಈಗ ಚೆನ್ನಾಗಿದ್ದಾರೆ. ಮೊದಲ ಬಾಟಲಿಯ ದಿನವೇ ಯಾರಾದರೂ "ಏಕೆ" ಎಂದಿದ್ದರೆ ಒಂದು ವರ್ಷ ಮೊದಲೇ ಸಿಗುತ್ತಿತ್ತಲ್ಲ ಎಂಬ ಕೊರಗು ನನ್ನಲ್ಲಿ ಉಳಿದಿದೆ.

ಮಾತ್ರೆಯ ವಿಷಯವಾಗಿ ಎರಡು ಮಾತು. ಕಾಫಿ, ಟೀ ಕುಡಿದ ಕೂಡಲೇ ನುಂಗಿದರೆ ಅರ್ಧ ಶ್ರಮ ವ್ಯರ್ಥ. ಒಂದೆರಡು ಗಂಟೆ ಅಂತರ ಇರಲಿ. ಸುಣ್ಣದ (ಕ್ಯಾಲ್ಸಿಯಂ) ಮಾತ್ರೆ ಜೊತೆಗೆ ಬೇಡ, ನಿಂಬೆಹಣ್ಣಿನ ಪಾನಕ ಆಗಬಹುದು. ಮಲ ಕಪ್ಪಾದರೆ ಹೆದರಬೇಡಿ. ಹೊಟ್ಟೆ ಕೆಡುತ್ತಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆ ಕೊಟ್ಟಾಗ ಒಂದೊಂದು ಮಾತ್ರೆಯಿಂದ ಹೀರಿಕೆ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಮುಂದುವರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಬೀಟ್‌ರೂಟ್ ಒಳ್ಳೆಯ ತರಕಾರಿ, ಆದರೆ ಅದರ ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ.

ಕಣ ಕುಗ್ಗುವ ಬದಲು ದೊಡ್ಡದಾಗುವ ರಕ್ತಹೀನತೆಯ ಕಥೆ ನಮ್ಮ ದೇಶದ್ದೇ. 1928ರಲ್ಲಿ ಬೊಂಬಾಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳ ಬಡ ಬಸುರಿಯರ ರಕ್ತದಲ್ಲಿ ಹಿಗ್ಗಿದ ಕಣಗಳನ್ನು ಕಂಡು, ಅವರ ತಟ್ಟೆಯಲ್ಲಿ ಏನಿಲ್ಲ ಎಂದು ಹುಡುಕಿದರು. ಯೀಸ್ಟಿನ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡದ್ದನ್ನು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ವಸ್ತು ಫೋಲಿಕ್ ಆಮ್ಲ. ಅದನ್ನು 1945ರಲ್ಲಿ ಅಮೆರಿಕದಲ್ಲಿ ಕೃತಕವಾಗಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ನನ್ನ ಸಸ್ಯಾಹಾರಿ ರೋಗಿಗಳಲ್ಲಿ ಹಿಗ್ಗಿದ ಕಣ ಕಂಡರೆ ನಾನು ಬಿ12 ಕೊರತೆಯನ್ನು ಮೊದಲು ಹುಡುಕುತ್ತೇನೆ. ಅವರಿಗೆ ಬರಿಯ ಫೋಲಿಕ್ ಆಮ್ಲ ಕೊಟ್ಟರೆ ಹಿಮೋಗ್ಲೋಬಿನ್ ಏರೀತು, ಅಷ್ಟರಲ್ಲಿ ನರಗಳು ಕೆಟ್ಟು ಪಾದ ಜೋಮು ಹಿಡಿದಿರುತ್ತದೆ.

ಇದೇ ಸ್ಲೈಡ್ ಡೆಂಗಿ ಕಾಲದಲ್ಲೂ ಕೈಹಿಡಿಯುತ್ತದೆ. ಪ್ಲೇಟ್‌ಲೆಟ್ 28,000 ಎಂಬ ವರದಿ ಹಿಡಿದು ಕಣ್ಣೀರಿಡುತ್ತಾ ಬಂದ ಒಬ್ಬರ ಸ್ಲೈಡಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಟ್ಯೂಬಿನಲ್ಲಿದ್ದ ರಾಸಾಯನಿಕದಿಂದ ಹಾಗಾಗಿತ್ತು. ಯಂತ್ರ ಗುಂಪನ್ನು ಎಣಿಸಲಾರದು. ಬೇರೆ ಟ್ಯೂಬಿನಲ್ಲಿ ತೆಗೆದಾಗ ಎಣಿಕೆ ಎರಡು ಲಕ್ಷ ಇತ್ತು.

ಹುಣಸೂರಿನ ದಂಪತಿ ಮರುವಾರ ಬಂದರು. ಗಂಡನ ಎ2 ಪ್ರಮಾಣ 2.6, ಉಳಿದ ಸಾಲುಗಳೂ ಸರಿಯಾಗಿದ್ದವು. ಮಗುವಿಗೆ ಆ ಭಯವಿಲ್ಲ. ಫೋಲಿಕ್ ಆಮ್ಲ ಮುಂದುವರಿಸಿ, ಕಬ್ಬಿಣ ನಿಲ್ಲಿಸಿ, ಏಳನೆಯ ತಿಂಗಳಲ್ಲಿ ಫೆರಿಟಿನ್ ಮತ್ತೆ ನೋಡೋಣ ಎಂದೆ. ಯಾರು ಕೇಳಿದರೂ ತೋರಿಸಲಿ ಎಂದು ತಾಯಿ ಕಾರ್ಡಿನ ಮೊದಲ ಪುಟದಲ್ಲೇ 'ಬೀಟಾ ಥಲಸ್ಸೇಮಿಯಾ ವಾಹಕಿ' ಎಂದು ದೊಡ್ಡದಾಗಿ ಬರೆದುಕೊಟ್ಟೆ. ಆಕೆ ಅದನ್ನು ಎರಡು ಸಲ ಓದಿ ಗಂಡನ ಕೈಗೆ ಕೊಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ ಯಾರನ್ನೋ ಕೂಗಿದರು. ಇಪ್ಪತ್ತೆರಡರ ಹುಡುಗಿಯೊಬ್ಬಳು ಸಂಕೋಚದಿಂದ ಒಳಗೆ ಬಂದಳು.

"ನನ್ನ ತಂಗಿ ಮೇಡಂ. ಮಾರ್ಗಶಿರದಲ್ಲಿ ಮದುವೆ. ಹುಡುಗನಿಗೂ ಹೇಳಿದ್ದೇವೆ, ಸೋಮವಾರ ಬರುತ್ತಾನೆ."

ತಂಗಿ ಆಗಲೇ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದಳು.